ಓದು, ಮನೆಗೆಲಸ ಎರಡನ್ನೂ ಸರಿದೂಗಿಸುವುದನ್ನು ಮಗಳಿಗೆ ಕಲಿಸಬೇಡಿ

ಹತ್ತನೇ ತರಗತಿಯ ಮಗಳಿಗೆ ಓದಿನ ಜೊತೆ ಮನೆಗೆಲಸವನ್ನೂ ತೂಗಿಸಿಕೊಂಡು ಹೋಗುವುದನ್ನು ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ಎಂಟನೇ ತರಗತಿಯ ಮಗನೂ ಇದ್ದಾನೆಂದು ಬರೆದಿದ್ದೀರಿ, ಅವನ ಬಗ್ಗೆ ಈ ಪ್ರಶ್ನೆ ಕೇಳಿಲ್ಲ. ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ.

ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರಾಗಿದ್ದೆವು. ನನ್ನ ಶಾಲೆಯ ದಿನಗಳು ಆ ಕಾಲದವು. ಬೆಳಿಗ್ಗೆ ಬೋರಿನಿಂದ ನೀರು ಹೊತ್ತು, ಅವ್ವ ತಟ್ಟಿದ ರೊಟ್ಟಿಗಳನ್ನು ಬೇಯಿಸಿಕೊಟ್ಟು ಶಾಲೆಗೆ ಹೋದರೆ ಅಲ್ಲಿಯೂ ಕಸಬರಿಕೆ ಹಿಡಿಯಬೇಕಿತ್ತು. ಹುಡುಗಿಯರು ಸರದಿಯ ಮೇಲೆ ತರಗತಿಗೆ ನೀರು ಚಿಮುಕಿಸಿ ಗುಡಿಸುತ್ತಿದ್ದೆವು, ಹುಡುಗರು ಗಂಟೆ ಬಾರಿಸುತ್ತಿದ್ದರು. ಮಣ್ಣಿನ ನೆಲದ ಧೂಳು ಅಡಗಬೇಕು, ಆದರೆ ಕೆಸರಾಗಬಾರದು. ಎಷ್ಟು ನೀರು ಸಾಕೆಂಬುದು ಇಂದಿಗೂ ನನ್ನ ಕೈಗೆ ಗೊತ್ತು. ವಾರ್ಷಿಕೋತ್ಸವದಲ್ಲಿ ನಾನೇ ಒನಕೆ ಓಬವ್ವಳಾಗಿ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಬಡಿದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಮನೆಯಲ್ಲಿ ಮಾತ್ರ ಎದುರು ಮಾತನಾಡುವ ರೂಢಿ ನನಗಿರಲಿಲ್ಲ.

ನನಗೆ ಮುಳುವಾದದ್ದು ಅದೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನಗಳಲ್ಲಿ ಒಳ್ಳೆಯ ಅಂಕ ಬಂದಿದ್ದವು. ಪಿಯುಸಿ ವಿಜ್ಞಾನಕ್ಕೆ ದಾವಣಗೆರೆಗೆ ಹೋಗಬೇಕಿತ್ತು. ಪ್ರಾಕ್ಟಿಕಲ್ ಮುಗಿಸಿ ಬಸ್ಸು ಹಿಡಿದರೆ ಊರು ಸೇರುವಾಗ ಕತ್ತಲಾಗುತ್ತಿತ್ತು. ಅಪ್ಪ ಬೇಡವೆನ್ನಲಿಲ್ಲ, “ದೀಪ ಹಚ್ಚೋ ಹೊತ್ತಿಗೆ ಹೆಣ್ಮಗಳು ಮನ್ಯಾಗಿರ್ಬೇಕವ್ವ” ಎಂದಷ್ಟೇ ಅಂದರು. ಗಣಿತದ ಮೇಷ್ಟ್ರು ಮನೆಗೇ ಬಂದು ವಿಚಾರಿಸಿದಾಗ, ಅಪ್ಪನ ಮಾತು ಹೊರಗಿನವರ ಮುಂದೆ ಬರಬಾರದೆಂದು ನಾನು ಬಾಗಿಲ ಮರೆಯಿಂದ “ನನಗೆ ಗಣಿತ ಇಷ್ಟ ಇಲ್ಲ ಸಾರ್” ಎಂದುಬಿಟ್ಟೆ. ಬಸ್ಸಿನ ತೊಂದರೆ ಎಂದಿದ್ದರೆ ಅವರು ಹಾಸ್ಟೆಲಿನ ಮಾತೆತ್ತುತ್ತಿದ್ದರು, ದಾವಣಗೆರೆಯಲ್ಲೇ ಇದ್ದ ನಮ್ಮ ಸೋದರತ್ತೆಯ ಮನೆ ಅಪ್ಪನಿಗೂ ನೆನಪಾಗುತ್ತಿತ್ತು. ಇಷ್ಟವಿಲ್ಲ ಎಂದವಳಿಗೆ ಅವರಾದರೂ ಏನು ಹೇಳಿಯಾರು? ಚಹಾ ಕುಡಿದು ಹೊರಟುಹೋದರು. ಮುಂದೆ ತಂಗಿಯ ಸರದಿ ಬಂದಾಗ “ಅಕ್ಕನಿಗೇ ಬೇಡಾಗಿತ್ತು” ಎಂಬ ಮಾತು ಅವಳ ದಾರಿಗೂ ಅಡ್ಡ ಬಂತು. ನನಗಿಂತ ಕಡಿಮೆ ಅಂಕದ ತಮ್ಮ ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ವಿಜ್ಞಾನ ಓದಿದ.

ಈಗ ಅನುಕೂಲಗಳಿವೆ, ನಿಜ. 2006-07ರಿಂದ ಹಲವು ವರ್ಷ ಎಂಟನೇ ತರಗತಿಯವರಿಗೆ ಸೈಕಲ್ ಸಿಗುತ್ತಿತ್ತು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣವೂ ಉಚಿತ. ಆದರೆ ಸಂಜೆಯ ಪಾತ್ರೆಗಳು ಅವಳಿಗಾಗಿಯೇ ಕಾದಿರುವ ಮನೆಯಲ್ಲಿ ಹುಡುಗಿ ತಡವಾಗಿ ಮುಗಿಯುವ ಕೋರ್ಸನ್ನು ತಾನಾಗಿಯೇ ಬಿಟ್ಟುಕೊಡುತ್ತಾಳೆ, ಅದನ್ನು ನಾವು ಅವಳ ಆಯ್ಕೆ ಎಂದುಕೊಳ್ಳುತ್ತೇವೆ.

ಆದ್ದರಿಂದ ಅವಳಿಗೆ ವೇಳಾಪಟ್ಟಿ ಹಾಕಿಕೊಡಬೇಡಿ. ಸಂಜೆಯ ಪಾತ್ರೆಗಳನ್ನು ನಾಳೆಯಿಂದಲೇ ಮಗನಿಗೆ ವಹಿಸಿ. ನಿಮ್ಮ ಅತ್ತೆಯವರು ಆಕ್ಷೇಪಿಸಿದರೆ ಉತ್ತರವನ್ನು ನೀವೇ ಕೊಡಿ, ಮಗಳ ಬಾಯಿಂದ ಹೇಳಿಸಬೇಡಿ. ಮುಂದೇನು ಓದುತ್ತೀಯೆಂದು ಹಿರಿಯರ ಎದುರು ಕೇಳಬೇಡಿ. ಅವಳು ಯಾವುದನ್ನಾದರೂ ಬೇಡವೆಂದರೆ ಒಬ್ಬಳನ್ನೇ ಕೂರಿಸಿಕೊಂಡು ಬಸ್ಸು, ಹೊತ್ತು, ಖರ್ಚು, ಭಯ ಎಲ್ಲವನ್ನೂ ವಿಚಾರಿಸಿ. ಫಲಿತಾಂಶ ಬರುವ ಮೊದಲೇ ಇಬ್ಬರೂ ಕಾಲೇಜಿಗೆ ಹೋಗಿ ಪ್ರಾಕ್ಟಿಕಲ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಕೇಳಿಕೊಳ್ಳಿ. ಓಡಾಟ ಆಗದೆಂದರೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ನಡೆಸುವ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.