ಲಂಡನ್ ಬಳಿ ಗುಡಾರ ಹೂಡಲು ಜಾಗ: ರೈಲು ನಿಲ್ದಾಣದಿಂದ ಹುಡುಕಿ
ನಕ್ಷೆಯಲ್ಲಿ ಹತ್ತಿರವಿದ್ದರೂ ಕ್ಯಾಂಪ್‌ಸೈಟಿನಿಂದ ಲಂಡನ್ನಿನ ನಡುಭಾಗಕ್ಕೆ ಎರಡು ಗಂಟೆ ಹಿಡಿಯುತ್ತಿದೆ ಎಂದು ಬರೆದಿದ್ದೀರಿ. ನೀವು ಕಿಲೋಮೀಟರ್ ನೋಡಿ ಜಾಗ ಆರಿಸಿ, ನಿಲ್ದಾಣದವರೆಗಿನ ಬಸ್ಸನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಬಹುಶಃ ಇದಕ್ಕೆ ಕಾರಣ.

ಹಾಗಾಗಿ ಹುಡುಕಾಟವನ್ನು ತಿರುವುಮುರುವು ಮಾಡಿ. ಮೊದಲು ರೈಲು ನಕ್ಷೆಯಲ್ಲಿ ಮಾರ್ಗಗಳ ಕೊನೆಯ ನಿಲ್ದಾಣಗಳನ್ನು ಗುರುತಿಸಿ, ಅಲ್ಲಿಂದ ನಡೆದು ಹೋಗಬಹುದಾದ ಜಾಗವಿದೆಯೇ ಎಂದು ನೋಡಿ. ನನ್ನ ಮೊದಲ ಆಯ್ಕೆ ನಗರದ ಆಗ್ನೇಯದಲ್ಲಿರುವ ಅಬ್ಬೆ ವುಡ್. 2022ರ ಮೇ ತಿಂಗಳಲ್ಲಿ ಆರಂಭವಾದ ಎಲಿಜಬೆತ್ ರೈಲು ಮಾರ್ಗ ಅಲ್ಲಿಯೇ ಕೊನೆಗೊಳ್ಳುವುದರಿಂದ ಬೆಳಿಗ್ಗೆ ಖಾಲಿ ರೈಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಗುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ನಗರದ ನಡುಭಾಗದ ಪ್ಯಾಡಿಂಗ್ಟನ್ ನಿಲ್ದಾಣ ತಲುಪಬಹುದು.

ಬಳಿಕ ನಿಮ್ಮ ದಿನಾಂಕಗಳಿಗೆ ಗುಡಾರದ ಜಾಗ ಉಂಟೇ ಎಂದು ಅಲ್ಲಿನ ಕ್ಯಾಂಪ್‌ಸೈಟಿನವರನ್ನೇ ಕೇಳಿ ಕಾದಿರಿಸಿ; ಬೇಸಿಗೆಯ ವಾರಾಂತ್ಯಗಳಲ್ಲಿ ಅದು ಸಿಕ್ಕೇ ಸಿಗುತ್ತದೆಂದು ಹೇಳಲಾರೆ. ಈ ಮಾರ್ಗದಲ್ಲಿ ರಾತ್ರಿಯಿಡೀ ರೈಲು ಓಡುವುದಿಲ್ಲ, ಭಾನುವಾರಗಳಲ್ಲಿ ಹಳಿ ದುರಸ್ತಿಯೂ ಇರಬಹುದಾದ್ದರಿಂದ ಕೊನೆಯ ರೈಲಿನ ಹೊತ್ತನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ನಿಲ್ದಾಣದಲ್ಲಿ ಕಾರ್ಡ್ ಓದುವ ಹಳದಿ ಯಂತ್ರಕ್ಕೆ ಬ್ಯಾಂಕ್ ಕಾರ್ಡನ್ನು ಒಳಹೋಗುವಾಗಲೂ ಹೊರಬರುವಾಗಲೂ ತಾಗಿಸಿದರೆ ದಿನದ ಪ್ರಯಾಣ ದರದ ಗರಿಷ್ಠ ಮಿತಿ ತಾನಾಗಿಯೇ ಅನ್ವಯವಾಗುತ್ತದೆ. ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು. ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ತಾಗಿಸಿದರೆ ಎರಡನ್ನೂ ಬೇರೆ ಪ್ರಯಾಣಿಕರೆಂದೇ ಎಣಿಸುತ್ತಾರೆ. ಹಿರಿಯರ ಜೊತೆಗಿರುವ 11 ವರ್ಷದೊಳಗಿನ ಮಕ್ಕಳಿಗೆ ಈ ಮಾರ್ಗದಲ್ಲಿ ಶುಲ್ಕವಿಲ್ಲ.

ಹಳೆಯ ಡೀಸೆಲ್ ವ್ಯಾನಿನಲ್ಲಿ ಬರುವುದಾದರೆ, 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳಿಗೂ (ನಗರದ ಆಡಳಿತ ವಿಭಾಗಗಳಿಗೂ) ಅನ್ವಯವಾಗಿರುವ, ಹೆಚ್ಚು ಹೊಗೆಯುಗುಳುವ ವಾಹನಗಳ ಮೇಲಿನ ಹೊಗೆ ಶುಲ್ಕ (ULEZ) ಅಬ್ಬೆ ವುಡ್‌ಗೂ ಇದೆ. ವಾಹನದ ಸಂಖ್ಯೆಯನ್ನು ಹೊರಡುವ ಮೊದಲೇ ಲಂಡನ್ ಸಾರಿಗೆ ಸಂಸ್ಥೆಯ (TfL) ಜಾಲತಾಣದಲ್ಲಿ ಹಾಕಿ ನೋಡಿ.