ಪ್ರತಿಕ್ರಿಯೆ: ಇಷ್ಟು ಕಡಿಮೆ ಇರುವ ಟೆಕ್ನೀಶಿಯಂನ ರಚನೆ ಹೇಗೆ ಗೊತ್ತಾಯಿತು?

ವಿಜಯಪುರದ ಎಂಎಸ್ಸಿ ಗೆಳೆಯರೇ, ಹೃದಯದ ಸ್ಕ್ಯಾನಿಗೆ ಚುಚ್ಚುವ ಸೆಸ್ಟಾಮಿಬಿಯ (ವಿಕಿರಣ ಸೂಸುವ ಟೆಕ್ನೀಶಿಯಂ ಲೋಹ ಇರುವ ಔಷಧ) ರಚನೆ ಹೇಗೆ ಕಂಡುಹಿಡಿದರು, ಎನ್‌ಎಂಆರ್‌ಗೆ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ಯಂತ್ರ) ಹಾಕಿದರಾ ಅಂತ ಕೇಳಿದ್ದೀರಿ. ಆಗಲ್ಲ ರೀ. ಸಿರಿಂಜಿನಲ್ಲಿರುವ ಟೆಕ್ನೀಶಿಯಂ-99ಎಂ ಬರೀ ನ್ಯಾನೋಗ್ರಾಂ ಲೆಕ್ಕದ್ದು, ಎನ್‌ಎಂಆರ್‌ಗೆ ಮಿಲಿಗ್ರಾಂ ಬೇಕು, ಮೇಲೆ 6 ಗಂಟೆಗೊಮ್ಮೆ ಅರ್ಧ ಖಾಲಿ.

ಹಾಗಾಗಿ ಬಳಸುದಾರಿ. ಅದೇ ಧಾತುವಿನ ಇನ್ನೊಂದು ರೂಪ ಟೆಕ್ನೀಶಿಯಂ-99 ಇದೆ, ಅರ್ಧಾಯುಷ್ಯ ಸುಮಾರು 2.1 ಲಕ್ಷ ವರ್ಷ, ಕೆಮಿಸ್ಟ್ರಿ ಒಂದೇ. ಅದರಲ್ಲಿ ಮಿಲಿಗ್ರಾಂಗಟ್ಟಲೆ ಸಂಯುಕ್ತ ಮಾಡಿ, ಹರಳು ಬೆಳೆಸಿ, ಎಕ್ಸ್‌ರೇಗೆ ಒಡ್ಡಿ ರಚನೆ ನೋಡಬಹುದು. ಆಮೇಲೆ 99ರ ಸಂಯುಕ್ತ, 99ಎಂನ ಸಂಯುಕ್ತ ಎರಡನ್ನೂ ಒಂದೇ ಎಚ್‌ಪಿಎಲ್‌ಸಿ ಕಾಲಂಗೆ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಬಿಡುತ್ತಾರೆ, 99 ಅನ್ನು ಯುವಿ ಬೆಳಕಿನ ಡಿಟೆಕ್ಟರ್ ಹಿಡಿಯುತ್ತದೆ, 99ಎಂ ಅನ್ನು ವಿಕಿರಣದ ಕೌಂಟರ್. ಎರಡರ ಪೀಕೂ (ವಸ್ತು ಹೊರಬಂದಾಗ ಗ್ರಾಫಿನಲ್ಲಿ ಏಳುವ ಏರು) ಒಂದೇ ಹೊತ್ತಿಗೆ ಬಂದರೆ ವಸ್ತು ಒಂದೇ ಅನ್ನಲು ಒಳ್ಳೆ ಆಧಾರ. ಸೆಸ್ಟಾಮಿಬಿಯಲ್ಲಿ ನಡುವೆ ಟೆಕ್ನೀಶಿಯಂ, ಸುತ್ತ ಅದಕ್ಕೆ ಅಂಟಿಕೊಂಡ 6 ಐಸೋನೈಟ್ರೈಲ್ ಎಂಬ ಸಾವಯವ ಅಣುಗಳು, ಒಟ್ಟು +1 ಚಾರ್ಜ್.

ಕಾಲೇಜು ಲ್ಯಾಬಿನಲ್ಲಾದರೆ ಟೆಕ್ನೀಶಿಯಂ ಬದಲು ಅದರದೇ ಗುಂಪಿನ ಲೋಹ ರೀನಿಯಂ ವಾಸಿ, ಲೈಸೆನ್ಸ್ ತಲೆನೋವು ಇಲ್ಲ, ಆದರೆ ಅದು ಟೆಕ್ನೀಶಿಯಂನಷ್ಟು ಸುಲಭವಾಗಿ ರಿಡ್ಯೂಸ್ ಆಗಲ್ಲ (ಎಲೆಕ್ಟ್ರಾನ್ ತೆಗೆದುಕೊಳ್ಳಲ್ಲ), ಸುಮ್ನೆ ಪೂರ್ತಿ ನಂಬಬೇಡಿ. ಇನ್ನು ಮೂಳೆ ಸ್ಕ್ಯಾನಿಗೆ ಬಳಸುವ ಟೆಕ್ನೀಶಿಯಂ ಔಷಧ ಎಂಡಿಪಿಗೆ ಒಂದೇ ರಚನೆ ಹುಡುಕಬೇಡಿ, ಅದು ಹಲವು ಸಂಯುಕ್ತಗಳ ಮಿಶ್ರಣ.