ಕೈಗೇ ಕಟ್ಟದ ಜನತಾ ವಾಚು: ನಂಬಬಹುದೇ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಆನ್‌ಲೈನಿನಲ್ಲಿ ಎಚ್‌ಎಂಟಿ ಜನತಾ ವಾಚೊಂದು ನೋಡಿದೆ. 1980ರ ದಶಕದ್ದಂತೆ, ಒಮ್ಮೆಯೂ ಕೈಗೆ ಕಟ್ಟಿಲ್ಲವಂತೆ. ಡಬ್ಬಿ, ಗ್ಯಾರಂಟಿ ಕಾರ್ಡು ಎರಡೂ ಇವೆ. ಆರೂವರೆ ಸಾವಿರ ಹೇಳುತ್ತಿದ್ದಾರೆ. ಭಾವನವರ ಅರವತ್ತರ ಶಾಂತಿಗೆ ಕೊಡೋಣ ಅಂತಿದ್ದೇನೆ. ನಂಬಬಹುದಾ?’

ಸಂಪಾದಕರ ಉತ್ತರ:

ಅಂಥ ವಾಚು ಇರೋದೇ ಇಲ್ಲ ಅಂತೇನಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಆಮೇಲೆ 1978ರಲ್ಲಿ ತುಮಕೂರಿನದ್ದು. ಕೋಟಿಗಟ್ಟಲೆ ವಾಚು ತಯಾರಾದವು. ಅದರಲ್ಲಿ ಕೆಲವು ಅಂಗಡಿಯ ಕಪಾಟಿನಲ್ಲಿ, ಮದುವೆಯಲ್ಲಿ ಬಂದು ಬೀರು ಸೇರಿದ ಡಬ್ಬಿಯಲ್ಲಿ ಹಾಗೇ ಉಳಿದಿರುತ್ತವೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾದ ಮೇಲೆ ಇವುಗಳ ಮೇಲೆ ಎಲ್ಲರ ಕಣ್ಣು. ಕಟ್ಟಿ ಬಿಟ್ಟ ವಾಚು ‘ಕಟ್ಟದ ವಾಚು’ ಆಗುವುದೂ ಆಗಲೇ!

ಕಟ್ಟಿಲ್ಲ ಅಂತ ಯಾರೂ ಸಾಬೀತು ಮಾಡಲಾರರು. ಕಟ್ಟಿದ್ದರೆ ಮಾತ್ರ ಗುರುತು ಉಳಿದಿರುತ್ತದೆ. ನೀವು ಹುಡುಕಬೇಕಾದ್ದು ಅದನ್ನೇ. ನೀವು ಕಳಿಸಿದ ಫೋಟೊಗಳಲ್ಲಿ ಎಲ್ಲವೂ ಡಯಲಿನವೇ. ಕೈ ತಾಗುವುದು ಡಯಲಿಗಲ್ಲವಲ್ಲ! ಬೆಲ್ಟ್ ಬಿಚ್ಚಿ, ವಾಚು ಬೋರಲು ಹಾಕಿ, ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಕೇಳಿ. ಬೆಲ್ಟನ್ನು ವಾಚಿಗೆ ಸಿಕ್ಕಿಸುವ ಪಿನ್ನು ಕೂರುವ ತೂತು ಕೇಸಿನಲ್ಲಿ, ಅಂದರೆ ವಾಚಿನ ಲೋಹದ ಮೈಯಲ್ಲಿ ಇದೆಯಲ್ಲ, ಅದರ ಸುತ್ತ ಒಳಮೈ ನೋಡಿ. ಬೆಲ್ಟ್ ಬದಲಿಸಿದಾಗೆಲ್ಲ ಪಿನ್ನಿನ ತುದಿ ಅಲ್ಲಿ ಒಂದು ಗೀರು ಬಿಡುತ್ತದೆ. ಪಾಲಿಶ್ ಮಾಡುವವರ ಕೈ ಅಲ್ಲಿಗೆ ಹೋಗುವುದು ಕಡಿಮೆ. ಕೇಸಿಗೆ ಕ್ರೋಮ್ ಲೇಪನವಿದ್ದರೆ, ಬೆವರು ನಿಲ್ಲುವ ಕೆಳಭಾಗದಲ್ಲಿ ಲೇಪನ ಸವೆದು ಹಿತ್ತಾಳೆಯ ಹಳದಿ ಇಣುಕುತ್ತದೆ, ಇಲ್ಲವೇ ಸಾಸಿವೆಗಿಂತ ಸಣ್ಣ ಗುಳಿ ಬಿದ್ದಿರುತ್ತವೆ.

ಇನ್ನು ಕೀ, ಅಂದರೆ ವಾಚಿನ ಪಕ್ಕದಲ್ಲಿ ತಿರುಗಿಸುವ ಗುಬುಟು. ಜನತಾ ದಿನಾ ಕೀ ಕೊಡಬೇಕಾದ ವಾಚು. ಬೆರಳು ಹಿಡಿಯುವ ಆ ಸಣ್ಣ ಹಲ್ಲುಗಳು ವರ್ಷಗಟ್ಟಲೆ ತಿರುಗಿಸಿದರೆ ಮೊಂಡಾಗುತ್ತವೆ. ಹೊಸ ಕೀ ಹಾಕಿಸುವುದು ಸುಲಭ, ಒಪ್ಪುತ್ತೇನೆ. ಆದರೆ ಕೇಸಿನ ಅಂಚುಗಳು ಉರುಟಾಗಿ, ಹಿಂದಿನ ಮುಚ್ಚಳದ ಅಕ್ಷರ ಮಸುಕಾಗಿ, ಕೀ ಮಾತ್ರ ಫಳಫಳ ಅಂದರೆ ಅನುಮಾನ ಬರಲೇಬೇಕು.

ಗಾಜು ಚೊಕ್ಕಟವಾಗಿದ್ದರೆ ಖುಷಿಪಡಬೇಡಿ. ಅದು ಪ್ಲಾಸ್ಟಿಕ್ ಗಾಜು. ಉಜ್ಜಿದರೆ ಗೀರು ಹೋಗುತ್ತದೆ, ಹೊಸದು ಹಾಕಿಸಲೂ ದುಬಾರಿಯಲ್ಲ. ಡಯಲ್ ಕೂಡ ಅಷ್ಟೇ. ಹಳೆ ಡಯಲಿಗೆ ಮತ್ತೆ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕುವ ದಂಧೆ ಚೆನ್ನಾಗಿಯೇ ನಡೆಯುತ್ತಿದೆ. ಫೋಟೊ ದೊಡ್ಡದು ಮಾಡಿ ನೋಡಿ: ಅಕ್ಷರದ ಅಂಚು ಹರಡಿದೆಯಾ? ನಿಮಿಷದ ಗೆರೆಗಳು ಸಮ ಇವೆಯಾ?

ಹಿಂದಿನ ಮುಚ್ಚಳ ತೆಗೆಸಿ ಒಂದು ಫೋಟೊ ಕೇಳುವುದೂ ಒಳ್ಳೆಯದು. ವಾಚು ರಿಪೇರಿಯವರು ಮುಚ್ಚಳದ ಒಳಗೆ ಸೂಜಿಯಲ್ಲಿ ಸಣ್ಣ ಗುರುತು, ಕೆಲವೊಮ್ಮೆ ತಾರೀಖು ಗೀಚಿಡುವ ರೂಢಿ ಇದೆ. ಸ್ಕ್ರೂ ತಲೆಗಳು ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ ಮಾತ್ರಕ್ಕೆ ಸುಳ್ಳು ಅಂತಲ್ಲ, ಆಯಿಲಿಂಗ್‌ಗೆ ಬಿಚ್ಚಿರಬಹುದು. ಆದರೆ ಎರಡು ಮೂರು ಗುರುತಿದ್ದರೆ, ಕಟ್ಟದ ವಾಚು ಅಷ್ಟು ಸಲ ರಿಪೇರಿಗೆ ಯಾಕೆ ಹೋಯಿತು ಅಂತ ಕೇಳಿ.

ಡಬ್ಬಿ, ಕಾರ್ಡು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಖಾಲಿ ಡಬ್ಬಿಗಳೂ ಮಾರಾಟಕ್ಕಿವೆ. ಕಾರ್ಡಿನಲ್ಲಿ ನಂಬರ್ ಬರೆದಿದ್ದು, ಅದು ವಾಚಿನ ನಂಬರಿಗೆ ತಾಳೆಯಾದರೆ ಮಾತ್ರ ಬೆಲೆ.

ಒಂದು ಬೇಸರದ ಸಂಗತಿ. ನಿಜವಾಗಿ ಕಟ್ಟದ ವಾಚೇ ಆದರೂ ನಲವತ್ತು ವರ್ಷದಲ್ಲಿ ಒಳಗಿನ ಎಣ್ಣೆ ಒಣಗಿರುತ್ತದೆ. ‘ಚೆನ್ನಾಗಿ ಓಡುತ್ತಿದೆ’ ಅಂದರೂ ಹಾಗೇ ಓಡಿಸಿದರೆ ಒಳಗಿನ ಚಕ್ರಗಳ ಅಚ್ಚು ಸವೆಯುತ್ತದೆ. ಸರ್ವಿಸ್ ಖರ್ಚನ್ನು ಬೆಲೆಯಲ್ಲೇ ಕಳೆದು ಚೌಕಾಸಿ ಮಾಡಿ.

ಫೋಟೊ ಕೇಳಿದ್ದಕ್ಕೆ ‘ಬೇಕಾದರೆ ತಗೊಳ್ಳಿ, ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ’ ಅಂದರೆ ಆ ನಾಲ್ವರಿಗೇ ಬಿಟ್ಟುಬಿಡಿ. ಕಳಿಸಿದರೆ, ಗುರುತೇನೂ ಕಾಣದಿದ್ದರೆ, ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರಹದಲ್ಲಿ ಒಪ್ಪಿದರೆ ಧೈರ್ಯವಾಗಿ ಕೊಳ್ಳಿ. ಶಾಂತಿಗೆ ತಿಂಗಳಾದರೂ ಇರುವಾಗ ತರಿಸಿಕೊಳ್ಳಿ. ಕೀ ವಾಚಿನ ಕೆಲಸ ಗೊತ್ತಿರುವವರು ಈಗ ಊರಿಗೊಬ್ಬರೋ ಇಬ್ಬರೋ. ಅವರ ಮೇಜಿನ ಮೇಲೆ ಸರದಿ ಉದ್ದ ಇರುತ್ತದೆ.